ಎರಡು ದಿನದ ಕೋರ್ಸ್ ಸೇರಲಾ? ಮಸಾಜ್ ಮಾಡುವ ಸೋದರಿಯೊಬ್ಬರ ಪ್ರಶ್ನೆಗೆ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಊರು ಸಾಗರದ ಹತ್ತಿರ. ಶಿವಮೊಗ್ಗದ ಒಂದು ಆಯುರ್ವೇದ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಅಭ್ಯಂಗ ಮಾಡುವ ಕೆಲಸ. ಓದಿದ್ದು ಪಿಯುಸಿ, ಆರ್ಟ್ಸ್. ಕೆಲಸ ಕಲಿತದ್ದು ಕೇರಳದಿಂದ ಬಂದಿದ್ದ ಒಬ್ಬ ಅಕ್ಕನ ಹತ್ತಿರ. ದಿನಕ್ಕೆ ಐದಾರು ಹೆಂಗಸರು ಬರುತ್ತಾರೆ. ಹೆಚ್ಚಿನವರಿಗೆ ಕತ್ತು, ಭುಜ, ಸೊಂಟ ನೋವು. ಅಡಿಕೆ ಸುಲಿಯುವ ಕಾಲದಲ್ಲಂತೂ ಜಾಸ್ತಿ. "ಇಲ್ಲೊಂದು ಗಂಟಿದೆ, ಒಡೆದು ಹಾಕು" ಅನ್ನುತ್ತಾರೆ. ಗಟ್ಟಿಯಾಗಿ ಒತ್ತುತ್ತೇನೆ. ಎರಡು ದಿನ ಆರಾಮ, ಮತ್ತೆ ಅದೇ ನೋವು. ಈಗ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಒಂದು ಕೋರ್ಸ್ ಇದೆ. ಟ್ರಿಗರ್ ಪಾಯಿಂಟ್, ಮಯೋಫೇಶಿಯಲ್ ರಿಲೀಸ್, ಕಪ್ಪಿಂಗ್, ಡ್ರೈ ನೀಡ್ಲಿಂಗ್ ನಾಲ್ಕೂ ಕಲಿಸುತ್ತಾರಂತೆ. 18 ಸಾವಿರ ರೂಪಾಯಿ. "ಅಂತಾರಾಷ್ಟ್ರೀಯ ಸರ್ಟಿಫಿಕೇಟ್" ಕೊಡುತ್ತಾರೆ. ನಮ್ಮ ಮಾಲೀಕರು "ಹೋಗಿ ಬಾ, ಬೋರ್ಡಿನಲ್ಲಿ ಪೇನ್ ಥೆರಪಿ ಅಂತ ಹಾಕೋಣ" ಅನ್ನುತ್ತಾರೆ. ಹಣ ಮಾತ್ರ ನಾನೇ ಹಾಕಬೇಕು. ಕಳೆದ ವಾರ ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ರಾತ್ರಿ ಬಸ್ಸಿನಲ್ಲಿ ದೂರ ಪ್ರಯಾಣ ಮಾಡಿ ಬಂದಮೇಲೆ ಎಡಗಾಲಿನ ಮೀನಖಂಡ ನೋವು, ಸ್ವಲ್ಪ ಊತ. ನನಗೆ ಯಾಕೋ ಹೆದರಿಕೆಯಾಯಿತು. ಆ ಕಾಲು ಮುಟ್ಟದೆ ಬೆನ್ನಿಗೆ ಮಾತ್ರ ಎಣ್ಣೆ ಹಚ್ಚಿ ಕಳಿಸಿದೆ. ಮಾಲೀಕರು ಬೇಜಾರು ಮಾಡಿಕೊಂಡರು. ನನಗೆ ಧೈರ್ಯ ಕಡಿಮೆಯಾ, ಕಲಿಕೆ ಕಡಿಮೆಯಾ? ಕೋರ್ಸ್ ಸೇರಲಾ? ಇನ್ನೊಂದು ವಿಷಯ. ನನ್ನ ಬಲಗೈ ಹೆಬ್ಬೆರಳು ಆರು ತಿಂಗಳಿಂದ ನೋಯುತ್ತಿದೆ.

ಉತ್ತರ: ನೀವು ಕೋರ್ಸಿನ ಬಗ್ಗೆ ಕೇಳಿದ್ದೀರಿ. ನನ್ನ ಕಣ್ಣು ಮೊದಲು ನಿಂತದ್ದು ಆ ಟೀಚರ್ ಕಾಲಿನ ಮೇಲೆ. ಅದಕ್ಕೇ ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ, ಅವರನ್ನು ಡಾಕ್ಟರ ಹತ್ತಿರ ಕಳಿಸಿ ಅಂದೆ. ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ರಕ್ತ ಹೆಪ್ಪುಗಟ್ಟಿರಲಿಲ್ಲ, ಸ್ನಾಯು ಎಳೆದಿತ್ತು ಅಷ್ಟೆ ಎಂದು ಆಮೇಲೆ ತಿಳಿಸಿದಿರಿ. ಸಂತೋಷವಾಯಿತು.

ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ, ಹಾಗಾದರೆ ಸುಮ್ನೆ ಹೆದರಿದೆ ಅಂದುಕೊಳ್ಳಬೇಡಿ. ತುಂಬಾ ಹೊತ್ತು ಕಾಲು ಇಳಿಬಿಟ್ಟು ಕೂತರೆ ಮೀನಖಂಡದ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ನೋಡಲು, ಮುಟ್ಟಲು ಥೇಟ್ ಸ್ನಾಯು ನೋವಿನ ಹಾಗೇ ಇರುತ್ತದೆ. ಅಂಥ ಕಾಲನ್ನು ಜೋರಾಗಿ ನೀವಿದರೆ ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಪ್ರಾಣಕ್ಕೇ ಅಪಾಯ. ಬರೀ ಕೈಯಿಂದ ಮುಟ್ಟಿ ಇದು ಹೆಪ್ಪು, ಇದು ಸ್ನಾಯು ಎಂದು ಹೇಳಲು ನನ್ನಿಂದಲೂ ಆಗುವುದಿಲ್ಲ. ಇಪ್ಪತ್ನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇವತ್ತಿಗೂ ಸಂಶಯ ಬಂದರೆ ಕಳಿಸಿಬಿಡುತ್ತೇನೆ.

ಒಂದು ದರ್ಜಿಯ ಟೇಪು ಕೇಂದ್ರದಲ್ಲಿ ಇಟ್ಟುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ, ಮುಂದುಗಡೆ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಸುತ್ತಳತೆ ನೋಡಿ. 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಟ್ಟಲೇಬೇಡಿ. ಅದಕ್ಕಿಂತ ಕಡಿಮೆ ಇದ್ದರೆ ಹೆಪ್ಪು ಇಲ್ಲ ಎಂದು ಅರ್ಥವಲ್ಲ. ಒಂದೇ ಕಾಲು ಊದಿ ಬೆಚ್ಚಗಿದ್ದರೆ, ಇತ್ತೀಚೆಗೆ ದೂರ ಪ್ರಯಾಣ, ಆಪರೇಷನ್, ಹೆರಿಗೆ, ಪ್ಲಾಸ್ಟರ್ ಏನಾದರೂ ಆಗಿದ್ದರೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಕ್ಯಾನ್ಸರ್ ಇದ್ದರೆ, ಅಳತೆ ಎಷ್ಟೇ ಬಂದರೂ ಅವತ್ತು ಮಸಾಜ್ ಬೇಡ. ಡಾಕ್ಟರ ಹತ್ತಿರ ಕಳಿಸಿ. ಜೊತೆಗೆ ಉಸಿರಾಟದ ತೊಂದರೆಯೋ ಎದೆನೋವೋ ಇದ್ದರೆ ತಡ ಮಾಡದೆ ಆಸ್ಪತ್ರೆಗೆ.

ಯಾರನ್ನು ಮುಟ್ಟಬಾರದು ಎಂದು ನಿಮ್ಮ ಮನಸ್ಸಿಗೆ ತಾನಾಗಿ ಹೊಳೆಯಿತು. ನಿಮ್ಮ ಮುಂದಿನ ಓದು ಆ ಹೊಳಹನ್ನು ಗಟ್ಟಿ ಮಾಡುವಂಥದ್ದಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಒಂಬತ್ತು ವರ್ಷ ಕೆಲಸ ಮಾಡಿದ ಕೈಗೆ ಹೊಸ ಪಟ್ಟುಗಳ ಕೊರತೆ ಅಷ್ಟಾಗಿ ಇರುವುದಿಲ್ಲ.

ಆ ಗಂಟು ಏನು?

ನಿಮ್ಮ ಹತ್ತಿರ ಬರುವವರು ಹೆಚ್ಚಾಗಿ ಒಂದೇ ಜಾಗ ತೋರಿಸುತ್ತಾರೆ, ಅಲ್ವಾ? ಹೆಗಲಮೂಳೆಯ ಮೇಲಿನ ಮೂಲೆ, ಕತ್ತಿನ ಕಡೆಗೆ. ಬೆರಳಿಟ್ಟರೆ ಹುರಿಯ ಹಾಗೆ ಏನೋ ಜಾರುತ್ತದೆ. ಕತ್ತಿನಿಂದ ಇಳಿದು ಬರುವ ಒಂದು ಸ್ನಾಯು ಆ ಮೂಲೆಗೆ ಅಂಟಿಕೊಂಡಿರುತ್ತದೆ. ಅದರ ಅಡಿಯಲ್ಲಿ ಪಕ್ಕೆಲುಬು. ಒತ್ತಿದಾಗ ಸ್ನಾಯು ಎಲುಬಿನ ಮೇಲೆ ಉರುಳುತ್ತದೆ. ಅದು ಎಲ್ಲರಲ್ಲೂ ಇದೆ. ನೋವಿಲ್ಲದ ಕಡೆಯೂ ಇದೆ. ನಾಳೆಯಿಂದ ಒಂದು ಅಭ್ಯಾಸ ಮಾಡಿ. ಗಂಟು ಸಿಕ್ಕಿತು ಅನ್ನಿಸಿದ ಕೂಡಲೇ ಇನ್ನೊಂದು ಕಡೆಯೂ ಅದೇ ಜಾಗ ಮುಟ್ಟಿ ನೋಡಿ. ಎಷ್ಟು ಸಲ ಎರಡೂ ಕಡೆ ಒಂದೇ ಥರ ಇರುತ್ತದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಟ್ರಿಗರ್ ಪಾಯಿಂಟ್ ಎನ್ನುವ ಮಾತನ್ನು ಜಗತ್ತಿಗೆಲ್ಲ ಪರಿಚಯ ಮಾಡಿದವರು ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್ ಮತ್ತು ಅವರ ಜೊತೆಗಾರ ಡೇವಿಡ್ ಸೈಮನ್ಸ್. ಟ್ರಾವೆಲ್ ಅಧ್ಯಕ್ಷ ಜಾನ್ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರು. 1961ರಲ್ಲಿ ಶ್ವೇತಭವನದ ವೈದ್ಯೆಯಾದರು. ಒಂದು ಜಾಗ ಒತ್ತಿದರೆ ನೋವು ಇನ್ನೆಲ್ಲೋ ಹರಿಯುತ್ತದೆ ಎಂದು ಅವರು ಗಮನಿಸಿದ್ದು ನಿಜ. ಭುಜ ಒತ್ತಿದಾಗ ಕಿವಿಯ ಮೇಲೆ ನೋವು ಬಂತು ಎಂದು ನಿಮ್ಮಲ್ಲೂ ಯಾರಾದರೂ ಹೇಳಿರುತ್ತಾರೆ. ಆದರೆ ಆ ಜಾಗದಲ್ಲಿ ಸ್ನಾಯು ನಿಜಕ್ಕೂ ಗಂಟು ಕಟ್ಟಿದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಒಂದೇ ಬೆನ್ನನ್ನು ಇಬ್ಬರು ಅನುಭವಿಗಳು ಬೇರೆ ಬೇರೆಯಾಗಿ ಮುಟ್ಟಿ ನೋಡಿದರೆ ಗಂಟು ಎಲ್ಲಿದೆ ಎನ್ನುವುದರಲ್ಲಿ ಅವರಿಬ್ಬರ ಮಾತು ಅನೇಕ ಸಲ ಕೂಡುವುದಿಲ್ಲ. ನೋವು ಖಂಡಿತ ನಿಜ. ಒಡೆದು ಹಾಕಲು ಅಲ್ಲಿ ಗಡ್ಡೆ ಇಲ್ಲ.

ಇನ್ನು ಲ್ಯಾಕ್ಟಿಕ್ ಆಸಿಡ್. "ಮೈಯಲ್ಲಿ ಆಸಿಡ್ ಕಟ್ಟಿಕೊಂಡಿದೆ, ಮಸಾಜ್ ಮಾಡಿ ಕರಗಿಸಬೇಕು" ಎಂದು ಈಗಲೂ ಹೇಳಿಕೊಡುವವರಿದ್ದಾರೆ. ಜೋರಾಗಿ ಓಡಿದರೆ ಲ್ಯಾಕ್ಟೇಟ್, ಅಂದರೆ ದೇಹದಲ್ಲಿ ಆ ಆಸಿಡ್ ಇರುವ ರೂಪ, ಏರುತ್ತದೆ, ನಿಜ. ಓಟ ನಿಂತಮೇಲೆ ಸುಮಾರು ಒಂದು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ದೇಹ ಅದನ್ನು ಇಂಧನವಾಗಿ ಸುಟ್ಟುಕೊಳ್ಳುತ್ತದೆ. ತೋಟದಲ್ಲಿ ಒಂದು ದಿನ ಅಗೆದರೆ ಮಾರನೇ ದಿನ, ಅದರ ಮಾರನೇ ದಿನ ಬರುವ ಮೈಕೈ ನೋವು ಬೇರೆ. ಅದು ಅಭ್ಯಾಸವಿಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಗಾಯದ ನೋವು. "ವಿಷ ಹೊರಗೆ ಹೋಗಲಿ, ಮಸಾಜ್ ಆದಮೇಲೆ ತುಂಬ ನೀರು ಕುಡಿಯಿರಿ" ಎನ್ನುವ ಮಾತಿಗೂ ಆಧಾರವಿಲ್ಲ. ಆ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಬಾಯಾರಿದವರಿಗೆ ನೀರು ಕೊಡಿ, ಅಷ್ಟು ಸಾಕು.

ಮಯೋಫೇಶಿಯಲ್ ರಿಲೀಸ್ ಅನ್ನುವಲ್ಲಿನ ಫೇಶಿಯಾ ಎಂದರೆ ಸ್ನಾಯುಗಳನ್ನು ಸುತ್ತಿಕೊಂಡಿರುವ ಬಿಳಿ ಪೊರೆ. ತೊಡೆಯ ಹೊರಬದಿಯಲ್ಲಿ, ಪಾದದ ಅಡಿಯಲ್ಲಿ ಅದು ಬಹಳ ಗಟ್ಟಿ. 2008ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದರು. ಆ ಪೊರೆಯನ್ನು ಒಂದೇ ಒಂದು ಶೇಕಡಾ ಅದುಮಬೇಕಾದರೂ, ಜರುಗಿಸಬೇಕಾದರೂ ಮನುಷ್ಯನ ಕೈ ಕೊಡಲಾರದಷ್ಟು ಬಲ ಬೇಕು ಎಂದು ಕಂಡಿತು. ಹಾಗಾಗಿ "ಅಂಟಿಕೊಂಡ ಫೇಶಿಯಾ ಬಿಡಿಸುತ್ತೇವೆ" ಎಂದು ಯಾರಾದರೂ ಹೇಳಿದರೆ ಅದು ಆಗುವ ಕೆಲಸವಲ್ಲ. ಆ ನಿಧಾನದ ಒತ್ತಡ ಹಿತವಾಗಿರುತ್ತದೆ, ಅದನ್ನು ನಾನೂ ಬಳಸುತ್ತೇನೆ. ಅದು ಕೊಡುವ ಆರಾಮಕ್ಕೆ ಕಾರಣ ಬೇರೆ.

ಹಾಗಾದರೆ ನಿಮ್ಮ ಕೈ ಮಾಡುವ ಕೆಲಸ ಏನು?

1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಸ್ಪರ್ಶದ ಸುದ್ದಿ ಜಾಸ್ತಿ ಬಂದರೆ ಆ ಬಾಗಿಲು ಅರ್ಧ ಮುಚ್ಚುತ್ತದೆ ಎಂದು. ಮಂಚಕ್ಕೆ ಕಾಲು ತಾಗಿದ ಮಗು ಅಳುತ್ತಾ ಬಂದರೆ ಅಜ್ಜಿ ಆ ಜಾಗವನ್ನು ಉಜ್ಜುತ್ತಾಳಲ್ಲ, ಅದರ ಹಿಂದಿನ ವಿವರಣೆ ಇದು. ಆಮೇಲೆ ಈ ವಿಚಾರ ಬಹಳ ಬೆಳೆದಿದೆ, ತಿದ್ದುಪಡಿಗಳೂ ಆಗಿವೆ. ತಿರುಳು ಉಳಿದಿದೆ. ಮಸಾಜಿನ ಆರಾಮ ಹೆಚ್ಚಾಗಿ ನರ ಮತ್ತು ಮಿದುಳಿನ ಮಟ್ಟದಲ್ಲಿ ಆಗುತ್ತದೆ. ಬೆಚ್ಚಗಿನ ಎಣ್ಣೆ, ನಂಬಿಕೆಯ ಕೈ, ಒಂದು ಗಂಟೆ ಯಾರೂ ಕರೆಯದ ಕೋಣೆ, ತನ್ನ ನೋವನ್ನು ಒಬ್ಬರು ಕೇಳಿಸಿಕೊಂಡರು ಎನ್ನುವ ಸಮಾಧಾನ, ಎಲ್ಲವೂ ಸೇರಿ ಮಿದುಳು ನೋವಿನ ದನಿಯನ್ನು ತಗ್ಗಿಸುತ್ತದೆ. ಬಿಗಿದ ಸ್ನಾಯು ಸಡಿಲವಾಗುತ್ತದೆ. ರಾತ್ರಿ ನಿದ್ದೆ ಬರುತ್ತದೆ.

ಇದು ಸಣ್ಣ ಕೆಲಸ ಅಲ್ಲ. ಆದರೆ ಇದರ ಆಯುಸ್ಸು ಕಡಿಮೆ. ಸೊಂಟನೋವಿಗೆ ಮಸಾಜ್ ಮಾಡಿದ 25 ಅಧ್ಯಯನಗಳನ್ನು 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಜಾಲಾಡಿ ತೂಗುವ ಅಂತಾರಾಷ್ಟ್ರೀಯ ಸಂಸ್ಥೆ) ಪರಿಶೀಲನೆಯೂ ಹೆಚ್ಚುಕಮ್ಮಿ ಇದನ್ನೇ ಹೇಳಿತು. ಸ್ವಲ್ಪ ಕಾಲ ಆರಾಮ ಸಿಗುತ್ತದೆ, ದೀರ್ಘಕಾಲ ಉಳಿಯುವುದು ಕಾಣುವುದಿಲ್ಲ, ಸಾಕ್ಷ್ಯವೂ ಗಟ್ಟಿಯಾಗಿಲ್ಲ ಎಂದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ಮಸಾಜಿಗೂ ಜಾಗ ಇದೆ. ವ್ಯಾಯಾಮ ಮತ್ತು ತಿಳಿವಳಿಕೆ ಕೊಡುವುದೂ ಅದೇ ಪಟ್ಟಿಯಲ್ಲಿವೆ. ಜನ ದುಡ್ಡು ಸುರಿಯುವ ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ ಇವನ್ನು ಮಾಮೂಲಿಯಾಗಿ ಕೊಡುವುದು ಬೇಡ ಎಂದಿದೆ.

ಈಗ ನಿಮ್ಮ ಅಡಿಕೆ ಸುಲಿಯುವವರನ್ನೇ ನೋಡೋಣ. ನಾನೂ ಮಲೆನಾಡಿನವನು. ಅಡಿಕೆಗೊನೆ ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯ ಅಂಗಳದಲ್ಲೂ ರಾತ್ರಿಯವರೆಗೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತು, ತಲೆ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಒಂದೇ ಚಲನೆ ಸಾವಿರಾರು ಸಲ. ಸುಲಿದಷ್ಟು ಕೂಲಿ, ಹಾಗಾಗಿ ಏಳುವುದಿಲ್ಲ. ವರ್ಷದ ಉಳಿದ ತಿಂಗಳು ಭುಜಕ್ಕೆ ಆ ಥರದ ಕೆಲಸವೇ ಇರುವುದಿಲ್ಲ. ಒಮ್ಮೆಲೇ ಎರಡು ಮೂರು ತಿಂಗಳು ವಿಪರೀತ ದುಡಿತ. ನಿದ್ದೆ ಕಡಿಮೆ. ಮೇಲೆ ಮನೆಗೆಲಸ. ಆ ಭುಜ ನೋಯದೆ ಏನು ಮಾಡೀತು? ಅವರು ನಿಮ್ಮ ಹತ್ತಿರ ಮಲಗಿದ ಒಂದು ಗಂಟೆ ಆರಾಮ. ಮಾರನೇ ದಿನ ಮತ್ತೆ ಅದೇ ಮೆಟ್ಟುಗತ್ತಿ. ನೋವು ವಾಪಸ್ ಬಂದರೆ ಅದು ನಿಮ್ಮ ಕೈಯ ಸೋಲು ಹೇಗಾಗುತ್ತದೆ?

ಅವರಿಗೆ ನಾನು ಹೇಳುವುದು ಇಷ್ಟೇ. ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಎರಡೂ ಕೈ ತಲೆಯ ಮೇಲೆತ್ತಿ ಹತ್ತು ಸಲ ಚಾಚಿ. ಕೂಲಿ ತಪ್ಪುವುದಿಲ್ಲ, ಒಂದು ನಿಮಿಷದ ಕೆಲಸ. ಸೀಸನ್ನಿಗೆ ಎರಡು ತಿಂಗಳು ಮುಂಚೆ ಶುರು ಮಾಡಿ, ವಾರಕ್ಕೆ ಮೂರು ದಿನ, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಮುಂದೆ ಬಗ್ಗಿ ಮೊಣಕೈಯನ್ನು ಹಿಂದಕ್ಕೆ ಎಳೆಯುವುದು, ಬಾಟಲಿಯನ್ನು ತಲೆಯ ಮೇಲೆ ಎತ್ತುವುದು. ಹಗುರ ಅನ್ನಿಸಿದರೆ ಎರಡು ಲೀಟರ್. ಭುಜ ಬಲವಾಗಲು ವಾರಗಳು ಬೇಕು, ಒಂದು ಮಸಾಜಿನಲ್ಲಿ ಆಗುವುದಿಲ್ಲ. ನಿಮ್ಮ ಮಸಾಜ್ ಆದ ಕೂಡಲೇ ನೋವು ಕಡಿಮೆ ಇರುತ್ತದಲ್ಲ, ಆ ಹೊತ್ತಿನಲ್ಲೇ ಅವರಿಂದ ಈ ಎರಡು ಚಲನೆ ಮಾಡಿಸಿ. ಆಗ ಮೈ ಒಪ್ಪುತ್ತದೆ, ಹೆದರಿಕೆ ಇರುವುದಿಲ್ಲ. ನನ್ನ ಅನುಭವದಲ್ಲಿ ವಾಪಸ್ ಬರುವವರ ಸಂಖ್ಯೆ ಇದರಿಂದ ಕಡಿಮೆಯಾಗುವಷ್ಟು ಇನ್ಯಾವ ಪಟ್ಟಿನಿಂದಲೂ ಆಗಿಲ್ಲ.

ನೋವಾದರೇ ಗುಣ ಎನ್ನುವುದು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಅಜ್ಜಿಯ ಬೆನ್ನನ್ನು ನಾನು ಗಟ್ಟಿಯಾಗಿ ಒತ್ತಿದ್ದೆ. "ಇನ್ನೂ ಒತ್ತಪ್ಪ" ಎಂದು ಅವರೇ ಹೇಳಿದ್ದರು. ಮಾರನೇ ದಿನ ಮಗಳು ಕರೆದುಕೊಂಡು ಬಂದಾಗ ಇಡೀ ಬೆನ್ನು ನೀಲಿಗಟ್ಟಿತ್ತು. ಹೃದಯದ ತೊಂದರೆಗೆ ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು. ನಾನು ಕೇಳಿರಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಅವತ್ತಿನಿಂದ, ಯಾವ ಮಾತ್ರೆ ತಗೋತೀರಿ ಎಂದು ಕೇಳದೆ ನಾನು ಯಾರ ಮೈಯನ್ನೂ ಮುಟ್ಟಿಲ್ಲ.

ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ತಗೊಳ್ಳುವವರಿಗೆ ಗಟ್ಟಿ ಒತ್ತಡ ಬೇಡ. ಮೂಳೆ ಸವೆದ ವಯಸ್ಸಾದ ಹೆಂಗಸರಲ್ಲಿ ಮೊಣಕೈ ಹಾಕಿ ಒತ್ತಿದರೆ ಪಕ್ಕೆಲುಬು ಮುರಿಯಬಹುದು. ಹಳೆಯ ಸಕ್ಕರೆ ಕಾಯಿಲೆ ಇದ್ದು ಪಾದಕ್ಕೆ ಸ್ಪರ್ಶ ಗೊತ್ತಾಗದವರಿಗೆ ಎಣ್ಣೆಯ ಬಿಸಿಯೂ ಗೊತ್ತಾಗುವುದಿಲ್ಲ, ಸುಟ್ಟಮೇಲೇ ತಿಳಿಯುವುದು. ಅಪರೂಪಕ್ಕೆ, ವಿಪರೀತ ಒತ್ತಿದ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ತೊಂದರೆ ಕೊಟ್ಟ ಉದಾಹರಣೆಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಮಸಾಜ್ ಆದ ಮಾರನೇ ದಿನ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆಗೆ ಓಡಬೇಕು. ನೋವಿಗೆ ಹತ್ತರಲ್ಲಿ ಅಂಕ ಕೊಡಿ ಅಂದರೆ ನಾಲ್ಕು ಕೊಡುವಷ್ಟು, "ಹಿತವಾದ ನೋವು" ಅನ್ನುವಷ್ಟು ಒತ್ತಿದರೆ ಸಾಕು. ಅವರು ಉಸಿರು ಬಿಗಿ ಹಿಡಿದರೆ, ಕಾಲ್ಬೆರಳು ಮಡಚಿದರೆ ನೀವು ಮಿತಿ ದಾಟಿದ್ದೀರಿ.

ಯಾರಿಗೆ ಮಾಡಬಾರದು ಎನ್ನುವ ವಿವೇಕ ನಿಮ್ಮ ಪರಂಪರೆಯಲ್ಲೂ ಇದೆ. ಅಭ್ಯಂಗವನ್ನು ದಿನಾ ಮಾಡಿ ಎಂದು ಹೇಳಿದ ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟನೇ, ಕಫ ಹೆಚ್ಚಿದವರಿಗೆ, ಆಗಷ್ಟೇ ಶೋಧನ (ವಾಂತಿ, ಭೇದಿ ಮಾಡಿಸಿ ಶುದ್ಧಿ ಮಾಡುವ) ಚಿಕಿತ್ಸೆ ಆದವರಿಗೆ, ಅಜೀರ್ಣ ಇರುವವರಿಗೆ ಬೇಡ ಎಂದೂ ಹೇಳಿದ್ದಾನೆ.

ಇನ್ನು ಕೋರ್ಸಿಗೆ ಬರೋಣ

ನಾಲ್ಕು ವಿದ್ಯೆ, ಎರಡು ದಿನ. ಒಂದಕ್ಕೆ ಅರ್ಧ ದಿನ. ಅದರಲ್ಲಿ ಡ್ರೈ ನೀಡ್ಲಿಂಗ್ ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತ, ಬೇಡ. ಅದು ಸೂಜಿಯನ್ನು ಸ್ನಾಯುವಿನ ಒಳಗೆ ಚುಚ್ಚುವ ಕೆಲಸ. ಶ್ವಾಸಕೋಶದ ತುದಿ ಕತ್ತಿನ ಬುಡದಲ್ಲಿ ಕೊರಳೆಲುಬಿಗಿಂತ 2–3 ಸೆಂಟಿಮೀಟರ್ ಮೇಲಕ್ಕೆ ಬಂದಿರುತ್ತದೆ. ಎಲ್ಲರೂ ಗಂಟು ತೋರಿಸುವ ಭುಜದ ಜಾಗಕ್ಕೆ ಅದು ಬಹಳ ಹತ್ತಿರ. ಸೂಜಿ ತಪ್ಪಿದರೆ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಎದೆಗೂಡಿಗೆ ಸೋರುತ್ತದೆ. ತರಬೇತಿ ಆದ ಫಿಸಿಯೋಥೆರಪಿಸ್ಟ್‌ಗಳ ಕೈಯಲ್ಲೂ ಹಾಗೆ ಆದದ್ದಿದೆ. ದೇಹರಚನೆಯನ್ನು ಕ್ರಮವಾಗಿ ಓದದವರಿಗೆ ಅರ್ಧ ದಿನದಲ್ಲಿ ಸೂಜಿ ಹಿಡಿಸುವುದು ಕಲಿಯುವವರಿಗೂ ಮೋಸ, ಮಲಗಿದವರಿಗೂ ಅಪಾಯ. ಏನಾದರೂ ಆದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಕಪ್ಪಿಂಗ್ ಎಂದರೆ ಮೈಮೇಲೆ ಬಟ್ಟಲು ಕವುಚಿ ಚರ್ಮವನ್ನು ಮೇಲಕ್ಕೆ ಹೀರಿಸುವುದು. ಅದು 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲಿನ ದುಂಡು ಕಲೆಗಳಿಂದ ಮನೆಮಾತಾಯಿತು. ಆ ಕಲೆ ಹೊರಗೆ ಬಂದ ಕೆಟ್ಟ ರಕ್ತವಲ್ಲ. ಚರ್ಮದಡಿಯ ಸಣ್ಣ ನಾಳಗಳು ಒಡೆದು ಆದ ಮೂಕೇಟು. ಚರ್ಮ ಕೊಯ್ಯದ ಒಣ ಕಪ್ಪಿಂಗ್ ಸರಿಯಾಗಿ ಮಾಡಿದರೆ ಅಪಾಯ ಕಡಿಮೆ, ಲಾಭವೂ ಮಸಾಜಿಗಿಂತ ಜಾಸ್ತಿ ಇರುವ ಹಾಗೆ ನನಗೆ ಕಂಡಿಲ್ಲ. ಚರ್ಮ ಕೊಯ್ದು ರಕ್ತ ತೆಗೆಯುವುದಕ್ಕೆ ಮಾತ್ರ ಕೈ ಹಾಕಬೇಡಿ. ಉಳಿದ ಎರಡು, ಟ್ರಿಗರ್ ಪಾಯಿಂಟ್ ಮತ್ತು ಮಯೋಫೇಶಿಯಲ್, ನೀವು ಒಂಬತ್ತು ವರ್ಷದಿಂದ ಬೇರೆ ಹೆಸರಿನಲ್ಲಿ ಮಾಡುತ್ತಿರುವುದಕ್ಕೆ ಬಹಳ ಹತ್ತಿರ.

"ಅಂತಾರಾಷ್ಟ್ರೀಯ ಸರ್ಟಿಫಿಕೇಟ್" ಎಂದರೆ ಯಾರು ಕೊಡುವುದು, ಯಾವ ದೇಶದ ಯಾವ ಮಂಡಳಿ ಒಪ್ಪುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮಸಾಜ್ ಮಾಡಲು ಲೈಸೆನ್ಸ್ ಬೇಕು, ಅದನ್ನು ನವೀಕರಿಸಲು ಇಂತಿಷ್ಟು ಗಂಟೆ ಹೊಸದಾಗಿ ಕಲಿಯಬೇಕು. ನಮ್ಮಲ್ಲಿ ಮಸಾಜ್ ಕೆಲಸಕ್ಕೆ ಅಂಥ ಏರ್ಪಾಟಿಲ್ಲ. ಹಾಗಾಗಿ ಹೆಚ್ಚಿನ ವಾರಾಂತ್ಯದ ಸರ್ಟಿಫಿಕೇಟ್ ನಡೆಸುವವರು ತಾವೇ ಮುದ್ರಿಸಿ ಕೊಡುವ ಕಾಗದ. ಆದರೆ ಫಿಸಿಯೋಥೆರಪಿ 2021ರ ರಾಷ್ಟ್ರೀಯ ಕಾಯ್ದೆಯಡಿ ಬರುವ ವೃತ್ತಿ. ಬೋರ್ಡಿನಲ್ಲಿ "ಪೇನ್ ಥೆರಪಿ" ಎಂದು ಹಾಕಿದರೆ ಜನ ನೋವಿನ ಕಾರಣ ಪತ್ತೆ ಮಾಡುವವರು ಇಲ್ಲಿದ್ದಾರೆ ಎಂದು ನಂಬಿ ಬರುತ್ತಾರೆ. ಆ ಭಾರ ನೀವು ಒಬ್ಬರೇ ಹೊರಬೇಡಿ.

ಹಾಗಾದರೆ 18 ಸಾವಿರವನ್ನು ಏನು ಮಾಡಬಹುದು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಊರಿನ ಒಬ್ಬ ಒಳ್ಳೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೆ. "ವಾರಕ್ಕೆ ಒಂದು ಮಧ್ಯಾಹ್ನ ನಿಮ್ಮ ಪಕ್ಕ ಕೂತು ನೋಡಲಾ?" ಎಂದು ಕೇಳುತ್ತಿದ್ದೆ. ಅವರು ಮುಟ್ಟುವ ಮೊದಲು ಏನು ಕೇಳುತ್ತಾರೆ, ಯಾರನ್ನು ವಾಪಸ್ ಕಳಿಸುತ್ತಾರೆ ಎನ್ನುವುದನ್ನು ಆರು ತಿಂಗಳು ಗಮನಿಸಿದರೆ ಯಾವ ವಾರಾಂತ್ಯದ ಕೋರ್ಸೂ ಅದಕ್ಕೆ ಸಮ ಆಗುವುದಿಲ್ಲ. ಎಲ್ಲರೂ ಒಪ್ಪುವುದಿಲ್ಲ, ಎರಡು ಮೂರು ಕಡೆ ಕೇಳಬೇಕಾಗುತ್ತದೆ. ಬದಲಿಗೆ ನಿಮ್ಮಲ್ಲಿ ಬರುವ ಸಂಶಯದವರನ್ನು ಅವರಿಗೇ ಕಳಿಸಿ. ಒಂದು ಸಂಬಂಧ ಬೆಳೆಯುತ್ತದೆ. ಮೂಳೆ, ಸ್ನಾಯುಗಳ ಬಣ್ಣದ ಚಿತ್ರವಿರುವ ಒಂದು ಪುಸ್ತಕ ಕೊಳ್ಳಿ. ದಿನಾ ರಾತ್ರಿ ಒಂದು ಸ್ನಾಯು ಓದಿ, ಮಾರನೇ ದಿನ ಕೈಯಲ್ಲಿ ಹುಡುಕಿ. ಪ್ರಥಮ ಚಿಕಿತ್ಸೆಯ ತರಬೇತಿ ಮಾಡಿಕೊಳ್ಳಿ, ಎದೆ ಒತ್ತುವ ಸಿಪಿಆರ್ ಕಲಿಯಿರಿ.

ಕಾಗದವೂ ಬೇಕು ಎಂದಾದರೆ, ಬೇಕಾಗುತ್ತದೆ, ಕೆಲಸ ಬದಲಿಸುವಾಗ ಕೇಳುತ್ತಾರೆ. ಆಗ ಸರಕಾರದ ಕೌಶಲ ವ್ಯವಸ್ಥೆಯ ಕಡೆ ನೋಡಿ. ಸ್ಪಾ ಥೆರಪಿಸ್ಟ್, ಪಂಚಕರ್ಮ ಟೆಕ್ನಿಷಿಯನ್ ಎಂಬ ಅರ್ಹತೆಗಳಿವೆ. ಆಗಲೇ ಕೆಲಸ ಗೊತ್ತಿರುವವರ ಕೈಚಳಕವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯೂ ಅದರಲ್ಲಿದೆ. ಅದು ನಿಮಗೆ ಹೊಸದೇನೂ ಕಲಿಸದೇ ಇರಬಹುದು, ಇರುವುದಕ್ಕೆ ಬೆಲೆ ತರುತ್ತದೆ. ಫಿಸಿಯೋಥೆರಪಿ ಪದವಿಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಸೇರಿದ ವಿಜ್ಞಾನ ಬೇಕು, ಹಾಗಾಗಿ ಆ ಬಾಗಿಲು ನಿಮಗೆ ಈಗ ತೆರೆದಿಲ್ಲ. ಅದಕ್ಕೆ ಕೊರಗಬೇಡಿ.

ಆಮೇಲೆ, ಒಂದು ವರ್ಷ ಬಿಟ್ಟು, ಕೈ ಪಟ್ಟು ಕಲಿಸುವ ಕೋರ್ಸಿಗೆ ಖಂಡಿತ ಹೋಗಿ. ಹಣ ಕಟ್ಟುವ ಮೊದಲು ಕೇಳಿ. ಎಷ್ಟು ಜನಕ್ಕೆ ಒಬ್ಬ ಶಿಕ್ಷಕರು? ಅರ್ಧಕ್ಕಿಂತ ಹೆಚ್ಚು ಹೊತ್ತು ನಾವೇ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತೇವಾ? ಯಾರಿಗೆ ಇದನ್ನು ಮಾಡಬಾರದು ಎನ್ನುವುದಕ್ಕೆ ಎಷ್ಟು ಗಂಟೆ ಕೊಡುತ್ತೀರಿ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಹಣ ಕಟ್ಟಬೇಡಿ.

ಕತ್ತು ತಿರುವಿ ಲಟಕ್ ಅನ್ನಿಸುವುದನ್ನು ಯಾರು ಕಲಿಸಿದರೂ ಕಲಿಯಬೇಡಿ. ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳಿವೆ.

ಸಂಶಯದ ಕೆಲವು ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಸೊಂಟನೋವಿನ ಜೊತೆ ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ ಅಥವಾ ಗೊತ್ತಾಗದೆ ಹೋಗುತ್ತಿದೆ ಅಂದರೆ ಅದೇ ದಿನ ಆಸ್ಪತ್ರೆ. ಎಡ ಭುಜ, ದವಡೆ, ಬೆನ್ನಿನ ಮೇಲ್ಭಾಗದ ನೋವು ಮೆಟ್ಟಿಲು ಹತ್ತಿದಾಗ ಬಂದು, ಬೆವರು, ಸಂಕಟ ಇದ್ದರೆ ಗ್ಯಾಸ್ ಅಂದುಕೊಂಡು ಎಣ್ಣೆ ಹಚ್ಚಬೇಡಿ, ಅದು ಹೃದಯ ಇರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಬಿದ್ದಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು ಇವೆಲ್ಲ ಮೊದಲು ಡಾಕ್ಟರಿಗೆ. ಮೈಯೆಲ್ಲ ನೋವು, ಸುಸ್ತು ಎನ್ನುವವರಿಗೆ ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಆಗಿದೆಯಾ ಕೇಳಿ. ಕೊಲೆಸ್ಟ್ರಾಲ್ ಮಾತ್ರೆಯಿಂದಲೂ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಮಾತ್ರೆ ನಿಲ್ಲಿಸಿ ಎಂದು ನೀವು ಹೇಳಬಾರದು, ಡಾಕ್ಟರ ಹತ್ತಿರ ಮಾತಾಡಿ ಎನ್ನಬಹುದು.

ಮಾತಿನ ಬಗ್ಗೆಯೂ ಒಂದು. "ನಿಮ್ಮ ನರ ಬ್ಲಾಕ್ ಆಗಿದೆ", "ಡಿಸ್ಕ್ ಜಾರಿದೆ" ಎಂದು ಯಾರಿಗೂ ಹೇಳಬೇಡಿ. ನೋವೇ ಇಲ್ಲದವರ ಸ್ಕ್ಯಾನ್ ತೆಗೆದು ನೋಡಿದ ಅಧ್ಯಯನಗಳಲ್ಲಿ ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 30, ಎಂಬತ್ತರವರಲ್ಲಿ ನೂರಕ್ಕೆ 84 ಜನಕ್ಕೆ ಡಿಸ್ಕ್ ಉಬ್ಬಿರುವುದು ಕಂಡಿದೆ. ಹೆದರಿದ ಮನುಷ್ಯ ಬಗ್ಗುವುದನ್ನು ಬಿಡುತ್ತಾನೆ, ಬಗ್ಗದ ಬೆನ್ನು ಇನ್ನಷ್ಟು ನೋಯುತ್ತದೆ.

ನಿಮ್ಮ ಹೆಬ್ಬೆರಳು

ಇದನ್ನು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗಿದು ಕೋರ್ಸಿಗಿಂತ ದೊಡ್ಡ ವಿಷಯ. ಹೆಬ್ಬೆರಳಿನ ಬುಡದ ಕೀಲು ತುಂಬಾ ಸಡಿಲವಾಗಿ ಕೂತಿರುತ್ತದೆ. ಹಾಗಿದ್ದರೇ ಅದು ಎಲ್ಲ ಕಡೆಗೂ ತಿರುಗುವುದು. ತುದಿಯಿಂದ ಒತ್ತಿದಾಗ ಬುಡಕ್ಕೆ ಅದರ ಹಲವು ಪಟ್ಟು ಭಾರ ಬೀಳುತ್ತದೆ. ದಿನಕ್ಕೆ ಆರು ಜನರ ಗಂಟು ಒಡೆಯಲು ಹೊರಟ ಹೆಬ್ಬೆರಳು ಒಂಬತ್ತು ವರ್ಷ ತಾಳಿದ್ದೇ ಹೆಚ್ಚು. ನಮ್ಮ ಕೆಲಸದಲ್ಲಿ ಇದರಿಂದಲೇ ವೃತ್ತಿ ಬಿಟ್ಟವರನ್ನು ನಾನು ಬಲ್ಲೆ.

ಮುಂದಿನ ಆರು ವಾರ ಬಲ ಹೆಬ್ಬೆರಳಿನಿಂದ ಒತ್ತುವುದನ್ನು ಪೂರ್ತಿ ನಿಲ್ಲಿಸಿ. ಅಂಗೈಯ ಬುಡ, ಮುಷ್ಟಿ, ಮುಂಗೈಯ ಮಾಂಸದ ಭಾಗ ಬಳಸಿ. ಒಂದರ ಮೇಲೊಂದು ಕೈ ಇಡಿ. ತೋಳಿನ ಬಲ ಹಾಕಬೇಡಿ, ಒಂದು ಕಾಲು ಮುಂದಿಟ್ಟು ಮೈಭಾರವನ್ನು ನಿಧಾನವಾಗಿ ಬಿಡಿ. ದ್ರೋಣಿಯ, ಅಂದರೆ ಎಣ್ಣೆ ಹಚ್ಚಲು ಮಲಗಿಸುವ ಹಲಗೆಯ, ಎತ್ತರ ಬದಲಿಸಲು ಬರುವುದಿಲ್ಲ ಎಂದು ಗೊತ್ತು. ಕೈ ಇಳಿಬಿಟ್ಟು ಪಕ್ಕದಲ್ಲಿ ನಿಂತಾಗ ನಿಮ್ಮ ಮುಷ್ಟಿ ಮಲಗುವ ಹಲಗೆಯ ಮೇಲ್ಭಾಗಕ್ಕೆ ತಾಗಬೇಕು. ಮುಷ್ಟಿ ಅದಕ್ಕಿಂತ ಕೆಳಗೆ ಬರುತ್ತದೆ, ಹಲಗೆ ಎತ್ತರ ಇದೆ ಎಂದಾದರೆ ಕಾಲಡಿಗೆ ಅಗಲವಾದ, ಜಾರದ ಮರದ ಮಣೆ ಹಾಕಿಸಿಕೊಳ್ಳಿ. ಎಣ್ಣೆಯ ನೆಲ, ಅದಕ್ಕೆ ಮಣೆಯ ಅಡಿಗೆ ರಬ್ಬರ್ ಇರಲಿ. ಒಬ್ಬರ ನಂತರ ಒಬ್ಬರು ಗಟ್ಟಿ ಮಸಾಜಿನವರು ಬರದ ಹಾಗೆ ಸಮಯ ಹಂಚಲು ಹೇಳಿ. ಬುಡದಲ್ಲಿ ಊತ ಇದ್ದರೆ, ಬಾಟಲಿ ಮುಚ್ಚಳ ತೆಗೆಯಲೂ ಕಷ್ಟ ಆಗುತ್ತಿದ್ದರೆ, ಕೈ ಪರೀಕ್ಷೆ ಮಾಡಿಸಿ. ಹೆಬ್ಬೆರಳನ್ನು ಹಿಡಿದಿಡುವ ಪಟ್ಟಿ ಕೆಲವು ವಾರ ಸಹಾಯ ಮಾಡುತ್ತದೆ.

ಮಾಲೀಕರಿಗೆ ಏನು ಹೇಳುವುದು ಎನ್ನುವುದು ಉಳಿಯಿತು. ಕಾಲು ಊದಿದ್ದ ಟೀಚರ್ ಈಗ ಆರಾಮಾಗಿದ್ದಾರೆ, ಅವರೇ ಇನ್ನಿಬ್ಬರನ್ನು ನಿಮ್ಮ ಹತ್ತಿರ ಕಳಿಸಿದ್ದಾರೆ ಎಂದು ಫೋನಿನಲ್ಲಿ ಹೇಳಿದಿರಲ್ಲ. ಅದನ್ನೇ ಹೇಳಿ. ಮಣೆಯ ಖರ್ಚನ್ನು ಅವರೇ ಹಾಕಲಿ.